ಪ್ರತಿಜೈವಿಕಗಳ ಆಯ್ದ ವಿಷತ್ವ ಮತ್ತು ಅದರ ಮಿತಿ: ಸ್ಟ್ರೆಪ್ಟೊಮೈಸಿನ್ ನಿದರ್ಶನ

ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲ ರಾಸಾಯನಿಕಗಳು ಹಲವಾರಿವೆ. ಆದರೆ ರೋಗಿಯ ಜೀವಕೋಶಗಳಿಗೆ ಹೆಚ್ಚಿನ ಹಾನಿಯಾಗದಂತೆ ಬ್ಯಾಕ್ಟೀರಿಯಗಳನ್ನಷ್ಟೇ ನಿಗ್ರಹಿಸುವ ವಸ್ತುಗಳು ವಿರಳ. ಈ ಗುಣವನ್ನು ಆಯ್ದ ವಿಷತ್ವವೆಂದು ಕರೆಯಲಾಗುತ್ತದೆ. ಎರಡು ಬಗೆಯ ಜೀವಕೋಶಗಳ ನಡುವಣ ವ್ಯತ್ಯಾಸವೇ ಇದರ ಆಧಾರ.

ಉಪಾಪಚಯ ಕ್ರಿಯೆಯಲ್ಲಿ ಈ ವ್ಯತ್ಯಾಸ ಕೆಲವೆಡೆ ಬಹಳ ಸ್ಪಷ್ಟವಾಗಿದೆ. ಮಾನವನಿಗೆ ಫೋಲಿಕ್ ಆಮ್ಲ ಆಹಾರದಿಂದ ದೊರೆಯುತ್ತದೆ. ಅನೇಕ ಬ್ಯಾಕ್ಟೀರಿಯಗಳು ಈ ವರ್ಗದ ಸಂಯುಕ್ತಗಳನ್ನು ತಾವೇ ತಯಾರಿಸಿಕೊಳ್ಳಬೇಕು. ಈ ತಯಾರಿಕೆಗೆ ಪ್ಯಾರಾ-ಅಮೈನೊಬೆಂಜೋಯಿಕ್ ಆಮ್ಲ ಅವಶ್ಯಕ. ರಚನೆಯಲ್ಲಿ ಅದನ್ನೇ ಹೋಲುವ ಸಲ್ಫಾ ಔಷಧಗಳು ಕಿಣ್ವದಲ್ಲಿ ಅದರ ಸ್ಥಾನವನ್ನು ಆಕ್ರಮಿಸುತ್ತವೆ. ಫೋಲೇಟಿನ ಅಭಾವದಿಂದ ಡಿ.ಎನ್.ಎ. ಘಟಕಗಳ ಉತ್ಪಾದನೆ ಕುಂಠಿತವಾಗಿ ಬ್ಯಾಕ್ಟೀರಿಯದ ವೃದ್ಧಿ ನಿಲ್ಲುತ್ತದೆ. ಮಾನವಕೋಶದಲ್ಲಿ ಈ ಕಿಣ್ವವೇ ಇಲ್ಲ.

ಪ್ರೋಟೀನ್ ಸಂಶ್ಲೇಷಣೆಯ ವಿಷಯ ಹಾಗಲ್ಲ. ಅದು ಎರಡೂ ಬಗೆಯ ಕೋಶಗಳಲ್ಲಿ ರೈಬೊಸೋಮಿನಲ್ಲಿಯೇ ನಡೆಯುತ್ತದೆ. ಬ್ಯಾಕ್ಟೀರಿಯದ ರೈಬೊಸೋಮು 70ಎಸ್ ಗಾತ್ರದ್ದು; ಮಾನವಕೋಶದ್ರವದಲ್ಲಿರುವುದು 80ಎಸ್. ಇವುಗಳ ರಚನೆಯಲ್ಲಿರುವ ಸೂಕ್ಷ್ಮ ಭೇದಗಳನ್ನೇ ಹಲವು ಪ್ರತಿಜೈವಿಕಗಳು ಅವಲಂಬಿಸಿವೆ. ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ 1943ರಲ್ಲಿ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್ ಅಂಥದೊಂದು. ಅದು ರೈಬೊಸೋಮಿನ 30ಎಸ್ ಉಪಘಟಕಕ್ಕೆ ಅಂಟಿಕೊಂಡು ಸಂದೇಶವಾಹಕ ಆರ್.ಎನ್.ಎ.ಯ ಸಂಕೇತಗಳನ್ನು ತಪ್ಪಾಗಿ ಓದಿಸುತ್ತದೆ. ಪರಿಣಾಮವಾಗಿ ಸಲ್ಲದ ಅಮೈನೊ ಆಮ್ಲಗಳು ಸೇರಿ ದೋಷಯುಕ್ತ ಪ್ರೋಟೀನುಗಳು ಉಂಟಾಗುತ್ತವೆ. ಈ ಬಂಧದ ಸ್ವರೂಪವನ್ನು 2000ದಲ್ಲಿ ಸ್ಫಟಿಕ ರಚನೆಯ ಮೂಲಕ ತೋರಿಸಿಕೊಟ್ಟವರು ವೆಂಕಟರಾಮನ್ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು. ರೈಬೊಸೋಮಿನ ಅಧ್ಯಯನಕ್ಕಾಗಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್ ಮತ್ತು ಅಡಾ ಯೋನಾಥ್ 2009ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಸೂಕ್ಷ್ಮ ಭೇದವನ್ನು ಆಧರಿಸಿದ ಔಷಧವು ಸೂಕ್ಷ್ಮ ಬದಲಾವಣೆಯಿಂದಲೇ ನಿಷ್ಫಲವಾಗಬಹುದು. 1948ರಲ್ಲಿ ಪ್ರಕಟವಾದ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಯಲ್ಲಿ, ಸ್ಟ್ರೆಪ್ಟೊಮೈಸಿನ್ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳೊಳಗೆ 4 ಮಂದಿ ಮೃತರಾದರು. ವಿಶ್ರಾಂತಿಯನ್ನಷ್ಟೇ ಪಡೆದ 52 ಮಂದಿಯಲ್ಲಿ 14 ಮಂದಿ. ಆದರೆ ಔಷಧ ಪಡೆದ ಅನೇಕರಲ್ಲಿ ರೋಗಾಣುಗಳು ಪ್ರತಿರೋಧ ಗಳಿಸಿದ್ದವು. ರೈಬೊಸೋಮಿನ ಎಸ್12 ಪ್ರೋಟೀನಿನಲ್ಲಾಗಲಿ 16ಎಸ್ ಆರ್.ಎನ್.ಎ.ಯಲ್ಲಾಗಲಿ ಒಂದೇ ಘಟಕದ ವ್ಯತ್ಯಯ ಇದಕ್ಕೆ ಸಾಕು. ಕ್ಷಯಕ್ಕೆ ಏಕಕಾಲದಲ್ಲಿ ಹಲವು ಔಷಧಗಳನ್ನು ನೀಡುವ ಪದ್ಧತಿಗೆ ಇದೇ ಕಾರಣ.

ಮಾನವಕೋಶದ ಮೈಟೊಕಾಂಡ್ರಿಯ ಇನ್ನೊಂದು ಮಿತಿಯನ್ನು ತೋರಿಸುತ್ತದೆ. ಬ್ಯಾಕ್ಟೀರಿಯ ಮೂಲದ ಈ ಕಣಾಂಗಕ್ಕೆ ತನ್ನದೇ ಆದ ರೈಬೊಸೋಮುಗಳಿವೆ. ಅದರ 12ಎಸ್ ಆರ್.ಎನ್.ಎ. ಜೀನಿನಲ್ಲಿ, 1555ನೆಯ ಸ್ಥಾನದ ಅಡಿನೀನ್ ಗ್ವಾನೀನಾಗಿ ಮಾರ್ಪಟ್ಟರೆ ಆ ಭಾಗ ಬ್ಯಾಕ್ಟೀರಿಯದ ರಚನೆಗೆ ಇನ್ನಷ್ಟು ಸಮೀಪವಾಗುತ್ತದೆ. 1993ರಲ್ಲಿ ವರದಿಯಾದ ಈ ಮಾರ್ಪಾಡು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಇದುಳ್ಳವರಲ್ಲಿ ಸ್ಟ್ರೆಪ್ಟೊಮೈಸಿನ್ ವರ್ಗದ ಔಷಧಗಳು ಸಾಮಾನ್ಯ ಪ್ರಮಾಣದಲ್ಲಿಯೂ ಶಾಶ್ವತ ಕಿವುಡುತನವನ್ನು ಉಂಟುಮಾಡಬಲ್ಲವು.

ಹೀಗೆ ರೋಗಾಣುವಿನಲ್ಲಿ ಒಂದು ಘಟಕ ಬದಲಾದರೆ ಔಷಧ ನಿರರ್ಥಕವಾಗುತ್ತದೆ. ರೋಗಿಯಲ್ಲಿ ಒಂದು ಘಟಕ ಬದಲಾದರೆ ಅದೇ ಔಷಧ ವಿಷವಾಗುತ್ತದೆ. ಆದ್ದರಿಂದ ಆಯ್ದ ವಿಷತ್ವವನ್ನು ಔಷಧವೊಂದರ ಸ್ಥಿರ ಗುಣವೆಂದು ಭಾವಿಸುವುದಕ್ಕಿಂತ, ಔಷಧ, ರೋಗಾಣು ಮತ್ತು ರೋಗಿ ಈ ಮೂವರ ನಡುವಣ ಸಂಬಂಧವೆಂದು ಗ್ರಹಿಸುವುದೇ ಸಮಂಜಸ.