ಹಿಂದೆ ಇಪ್ಪತ್ತು ಹಲ್ಲು

‘ಪೆಡ್ಲು ಒಂದು ಸುತ್ತು ತಿರುಗಿಸಿ ಸಾರ್, ನಿಧಾನಕ್ಕೆ’ ಎಂದರು ಯಜಮಾನರು. ಶಿವಮೊಗ್ಗದ ರವೀಂದ್ರನಗರದ ಅಡ್ಡರಸ್ತೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡುವ ಸೈಕಲ್ ಅಂಗಡಿ ಅದು. ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಹಿಂದಿನ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ತಿರುಗಿಸಿದೆ. ಗೆರೆ ಎರಡು ಸಲ ಮೇಲೆ ಬಂದು ಹೋಗಿ, ಮೂರನೆಯ ಸುತ್ತಿನ ಅರ್ಧದ ಹತ್ತಿರ ನಿಂತಿತು.

‘ಮುಂದೆ ನಲವತ್ನಾಲ್ಕು ಹಲ್ಲು, ಹಿಂದೆ ಹದಿನೆಂಟು. ಲೆಕ್ಕ ಹಾಕ್ಕೊಳ್ಳಿ.’

ಆ ಲೆಕ್ಕ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ. 44ನ್ನು 18ರಿಂದ ಭಾಗಿಸಿದರೆ 2.44. 28 ಇಂಚಿನ ಕರಿ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 2.2 ಮೀಟರ್ ಉರುಳುತ್ತದೆ. ಕಾಲು ಒಮ್ಮೆ ಸುತ್ತಿ ಬಂದರೆ ಸೈಕಲ್ಲು 5.4 ಮೀಟರ್ ಮುಂದೆ. ಹಿಂದಿನ ಫ್ರೀವೀಲ್ ಬಿಚ್ಚಿ 20 ಹಲ್ಲಿನದು ಕೂರಿಸಿದರೆ ಅದೇ 4.8 ಮೀಟರ್. ಅರ್ಧ ಮೀಟರ್ ಹೋಯಿತು, ನಿಜ. ಆದರೆ ತುಳಿತ ಹತ್ತರಲ್ಲೊಂದು ಪಾಲು ಹಗುರವಾಯಿತು. ವಿದ್ಯಾನಗರದ ರೈಲ್ವೆ ಮೇಲ್ಸೇತುವೆಯಲ್ಲಿ ಐವತ್ತು ದಾಟಿದ ಮಂಡಿಗೆ ಆ ಒಂದು ಪಾಲು ಬಲು ದೊಡ್ಡದು. ಚೈನು ಸಾಲದಿದ್ದರೆ ಹಿಂದಿನ ಚಕ್ರವನ್ನು ಕೊಂಚ ಮುಂದಕ್ಕೆ ಸರಿಸಬೇಕು, ಇಲ್ಲವೇ ಕೊಂಡಿ ಸೇರಿಸಬೇಕು. ಗೇರ್ ಸೈಕಲ್ಲೇ ಬೇಕು ಎನ್ನುವವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ಈ ಎರಡು ಹಲ್ಲು ಮಾತ್ರ ಎಂದು ನನಗೆ ಈಗ ಅನಿಸುತ್ತದೆ.

ಗೇರಿನ ಪಾಠ ನಮ್ಮ ಮನೆಯಲ್ಲೇ ಆಗಿತ್ತು. ಮಗನಿಗೆಂದು ಕಡಿಮೆ ಬೆಲೆಯ ಗೇರ್ ಸೈಕಲ್ ತಂದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೇಬಲ್ ತುಕ್ಕು ಹಿಡಿದು, ಚೈನು ಯಾವುದೋ ಒಂದು ಹಲ್ಲುಚಕ್ರದಲ್ಲಿ ಕೂತುಬಿಟ್ಟಿತು. ಆಮೇಲೆ ಅದೂ ಒಂಟಿ ಗೇರಿನದೇ.

ಒಂಟಿ ಗೇರಿನ ಸೈಕಲ್ಲು ಈ ಸೀಮೆಗೆ ಹೊಸದೇನಲ್ಲ. ಮದ್ರಾಸಿನಲ್ಲಿ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲೂಧಿಯಾನದಲ್ಲಿ ಹೀರೋ 1956ರಲ್ಲಿ ಶುರುವಾದವು. 1918ರಲ್ಲಿ ಹುಟ್ಟಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪಾಳಿ ಬಿಟ್ಟಾಗ ಹೊರಬೀಳುತ್ತಿದ್ದ ಕರಿ ಸೈಕಲ್ಲುಗಳ ಸಾಲು ಈಗಲೂ ನನ್ನ ಕಣ್ಣಿನಲ್ಲಿದೆ. ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪ ಹಣಕಾಸು ಖಾತೆ ಹೊತ್ತಿದ್ದ 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಕೊಡಲು ಶುರುಮಾಡಿದ್ದೂ ಒಂಟಿ ಗೇರಿನದ್ದೇ. ಮುಂದೆ ಗಂಡುಮಕ್ಕಳಿಗೂ ಸಿಕ್ಕಿತು. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆಗೆ ಬೀಗ ಬಿದ್ದದ್ದು 2020ರ ಜೂನ್ 3, ವಿಶ್ವ ಸೈಕಲ್ ದಿನದಂದೇ. ಆ ಸುದ್ದಿ ಓದಿ ಬಹಳ ಬೇಜಾರಾಗಿತ್ತು.

ಆವತ್ತು ಆ ಅಂಗಡಿಗೆ ಹೋದಾಗ ನಾನು ಸಂಜೆ ಅಡ್ಡಾಡಲಿಕ್ಕೆ ಎಂಟು ಸಾವಿರದೊಳಗೆ ಸೈಕಲ್ಲು ಹುಡುಕುತ್ತಿದ್ದೆ. ಮುಂದಿನ ಫೋರ್ಕಿಗೆ ಸ್ಪ್ರಿಂಗ್ ಇರುವ ಒಂದರ ಮೇಲೆ ಕಣ್ಣು ಬಿದ್ದಿತ್ತು. ಯಜಮಾನರು ಅದನ್ನು ಎತ್ತಿ ಕೈಗೆ ಕೊಟ್ಟರು, ಪಕ್ಕದಲ್ಲಿದ್ದ ಸಾದಾ ಫೋರ್ಕಿನದನ್ನೂ ಕೊಟ್ಟರು. ತೋಳಿಗೇ ವ್ಯತ್ಯಾಸ ಗೊತ್ತಾಯಿತು. ಈ ಬೆಲೆಯ ಸ್ಪ್ರಿಂಗು ಹಳ್ಳಕ್ಕೆ ಬಿದ್ದಾಗ ಕಾಪಾಡುವುದಕ್ಕಿಂತ ಹೆಚ್ಚಾಗಿ ಏರಿನಲ್ಲಿ ತುಳಿದ ಶಕ್ತಿಯನ್ನು ತಿನ್ನುತ್ತದೆ. ಅದೇ ದುಡ್ಡನ್ನು ಅಲಾಯ್ ರಿಮ್ಮಿಗೆ ಹಾಕುವುದು ಮೇಲು. ಸ್ಟೀಲ್ ರಿಮ್ಮು ನೆನೆದರೆ ಬ್ರೇಕಿನ ರಬ್ಬರು ಜಾರುತ್ತದೆ, ಮಲೆನಾಡಿನ ಜುಲೈನಲ್ಲಿ ಅದು ಆಟದ ಮಾತಲ್ಲ.

ಕೊನೆಗೆ ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಕೆಳಗಿನ ಪೆಡ್ಲಿನ ಮೇಲಿಡಿಸಿದರು. ‘ಕಾಲು ನೆಟ್ಟಗಾಯ್ತಾ? ಹಂಗಾದ್ರೆ ಸರಿ. ಬಣ್ಣ ಯಾವ್ದಾದ್ರೂ ತಗಳ್ಳಿ.’

ಸಾದಾ ಫೋರ್ಕಿನದನ್ನೇ ತಗೊಂಡೆ. ಸ್ಟ್ಯಾಂಡ್ ಹಾಕಿ, ಬಗ್ಗಿ, ಗ್ರೀಸಿನ ಬೆರಳಿನಿಂದ ಹಿಂದಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಎಣಿಸಿದರು. ಹದಿನೆಂಟು. ಗೋಡೆಯ ಮೊಳೆಗೆ ನೇತುಹಾಕಿದ್ದ ಫ್ರೀವೀಲ್ ಸರದಿಂದ ಒಂದನ್ನು ಬಿಚ್ಚಿಕೊಂಡು, ‘ಅರ್ಧ ಗಂಟೆ ಕೂತ್ಕಳ್ಳಿ’ ಎಂದರು.