ಒಬ್ಬರೇ ಹಾಯಿದೋಣಿ ನಡೆಸೋದಾದರೆ ಮುಂದಿನ ಹಾಯಿ ಎಂಥದ್ದಿರಬೇಕು?

ಮಹದಾಯಿ ಅಂದ ಕೂಡಲೇ ನಮ್ಮ ಭಾಗದವರಿಗೆ ನೆನಪಾಗೋದು ಕಳಸಾ-ಬಂಡೂರಿ. ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಇದೇ ನದಿಯ ಹೆಸರಿನ ಒಂದು ಹಾಯಿದೋಣಿಯೂ ಇದೆ. ಗೋವಾದಲ್ಲಿ ಕಟ್ಟಿದ, 56 ಅಡಿ ಉದ್ದದ, ನೌಕಾಪಡೆಯ 'ಮ್ಹಾದೆಯಿ'. 2012ರ ನವೆಂಬರ್ 1ರಂದು ಮುಂಬೈಯಿಂದ ಇದರಲ್ಲಿ ಒಬ್ಬರೇ ಹೊರಟ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಜಗತ್ತು ಸುತ್ತಿ, 2013ರ ಮಾರ್ಚ್ 31ರಂದು ವಾಪಸ್ ಬಂದರು.

ಅಷ್ಟು ದೊಡ್ಡ ದೋಣಿಯನ್ನ ಒಬ್ಬರೇ ಹೇಗೆ ನಡೆಸ್ತಾರೆ? ಚುಕ್ಕಾಣಿ ನೋಡಿಕೊಳ್ಳೋಕೆ ಯಂತ್ರ ಇರುತ್ತೆ. ಹಾಯಿ ಏರಿಸೋದು, ಇಳಿಸೋದು ಮಾತ್ರ ಮನುಷ್ಯನ ಕೆಲಸ. ಅದರಲ್ಲೂ ನಿಜವಾದ ತಲೆನೋವು ಮುಂದಿನ ಹಾಯಿಯದು.

ಕಂಬದ ಮೇಲಿಂದ ದೋಣಿಯ ಮೂತಿಗೆ ಒಂದು ಉಕ್ಕಿನ ತಂತಿ ಇಳಿದಿರುತ್ತೆ. ಅದಕ್ಕೆ ಹಾಕುವ ತ್ರಿಕೋನದ ಬಟ್ಟೆಯೇ ಮುಂದಿನ ಹಾಯಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತೆ. ಮಳೆಗಾಲದಲ್ಲಿ ಅಂಗಡಿ ಮುಂದೆ ಟಾರ್ಪಾಲ್ ಕಟ್ಟಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಗಾಳಿ ಏರಿದಾಗ ಹಾಯಿ ಚಿಕ್ಕದು ಮಾಡಲೇಬೇಕು. ಆದರೆ ಕುಣಿಯೋ ಮೂತಿಗೆ ಹೋಗಿ ಕಾಲು ಜಾರಿ ನೀರಿಗೆ ಬಿದ್ದರೆ ಎತ್ತೋರಿಲ್ಲ. ಯಂತ್ರದ ಚುಕ್ಕಾಣಿ ದೋಣಿಯನ್ನ ತನ್ನ ಪಾಡಿಗೆ ಮುಂದಕ್ಕೆ ಒಯ್ಯುತ್ತೆ.

ಇದಕ್ಕೇ ರೋಲರ್ ಫರ್ಲಿಂಗ್ ಬಂದಿದ್ದು. ನಮ್ಮ ಅಂಗಡಿಯ ರೋಲಿಂಗ್ ಶಟರ್ ಇದ್ದ ಹಾಗೇ. ಹಿಂದೆ ಕೂತು ಒಂದು ಹಗ್ಗ ಎಳೆದರೆ ಹಾಯಿ ತಂತಿಯ ಸುತ್ತ ಸುತ್ತಿಕೊಳ್ಳುತ್ತೆ. ಶಟರ್‌ನ ಕಾಯಿಲೆಯೂ ಇದಕ್ಕಿದೆ: ಕೆಟ್ಟ ಹೊತ್ತಲ್ಲೇ ಅರ್ಧಕ್ಕೆ ಸಿಕ್ಕಿಕೊಳ್ಳಬಹುದು. ಅರ್ಧ ಸುತ್ತಿದ ದೊಡ್ಡ ಹಾಯಿ ಚೀಲದಂತೆ ಉಬ್ಬುತ್ತೆ, ಗಾಳಿಗೆ ಎದುರಾಗಿ ಸಾಗೋಕೆ ಕೆಲಸಕ್ಕೆ ಬರಲ್ಲ.

ಹಳೇ ಪದ್ಧತಿಯಲ್ಲಿ ಪರದೆಯ ಬಳೆಗಳ ಥರದ ಕೊಕ್ಕೆಗಳಿಂದ ಹಾಯಿಯನ್ನ ತಂತಿಗೆ ಸಿಕ್ಕಿಸ್ತಾರೆ. ಹಗ್ಗ ಬಿಟ್ಟರೆ ಹಾಯಿ ಕೆಳಗೆ ಬರುತ್ತೆ. ಕೆಡೋಕೆ ಯಂತ್ರವೇ ಇಲ್ಲ. ಆದರೆ ಬದಲಾಯಿಸೋಕೆ ಪ್ರತಿ ಸಲ ಮೂತಿಗೇ ಹೋಗಬೇಕು.

ಹೊಸದಾಗಿ ದೋಣಿ ಕೊಳ್ಳೋರು ದೊಡ್ಡ ಹಾಯಿಗೆ ಮರುಳಾಗ್ತಾರೆ. ಕಂಬದಿಂದ ಮೂತಿವರೆಗಿನ ಜಾಗವನ್ನ 100 ಅಂತಿಟ್ಟು ಹಾಯಿಯ ಅಗಲ ಅಳೀತಾರೆ. ಒಬ್ಬರೇ ಹೋಗೋರಿಗೆ 150 ಯಾಕೆ? ದೋಣಿ ದಿಕ್ಕು ಬದಲಿಸಿದಾಗಲೆಲ್ಲ ಅಷ್ಟೂ ಬಟ್ಟೆಯನ್ನ ಕಂಬದ ಮುಂದಿನಿಂದ ಇನ್ನೊಂದು ಕಡೆಗೆ ಎಳೀಬೇಕು. 110ರಿಂದ 120 ಸಾಕು. ಗಾಳಿ ಕಮ್ಮಿ ಇದ್ದ ದಿನ ನಿಧಾನ ಆಗುತ್ತೆ ನಿಜ, ಆಗಲಿ ಬಿಡಿ.

ದೂರ ಹೋಗೋರಿಗೆ ನಮ್ಮ ಲೆಕ್ಕದಲ್ಲಿ ಒಳ್ಳೆಯದು ಎರಡೂ ಸೇರಿದ ಏರ್ಪಾಟು. ಮೂತಿಯಲ್ಲಿ ಸುತ್ತುವ ಹಾಯಿ, ಅದರ ಹಿಂದೆ, ಕಂಬದ ಹತ್ತಿರ, ಎರಡನೇ ತಂತಿಗೆ ಕೊಕ್ಕೆಯಲ್ಲಿ ಸಿಕ್ಕಿಸಿದ ಚಿಕ್ಕ, ದಪ್ಪ ಬಟ್ಟೆಯ ಹಾಯಿ. ಬಂದರು ಬಿಡುವ ಮೊದಲೇ ಅದನ್ನ ಸಿಕ್ಕಿಸಿ ಚೀಲದಲ್ಲಿ ಕಟ್ಟಿಟ್ಟಿರಬೇಕು. ಏರಿಸುವ ಹಗ್ಗ, ಕೆಳಗೆಳೆಯುವ ಹಗ್ಗ ಎರಡೂ ಚುಕ್ಕಾಣಿ ಹತ್ತಿರ ಬಂದಿರಬೇಕು. ಗಂಟೆಗೆ 45 ಕಿ.ಮೀ. ಗಾಳಿ ದಾಟಿತಾ? ಮುಂದಿನದನ್ನ ಪೂರ್ತಿ ಸುತ್ತಿ ಚಿಕ್ಕದನ್ನ ಏರಿಸಿದರಾಯ್ತು. ಭಾರ ದೋಣಿಯ ನಡುವಿಗೆ ಬರುತ್ತೆ, ಮೂತಿ ತಂಟೆ ಮಾಡಲ್ಲ.

ಒಂದು ಕಿರಿಕಿರಿ ಇದೆ. ಎರಡನೇ ತಂತಿ ಇದ್ದರೆ ಮುಂದಿನ ಹಾಯಿ ಆ ಕಡೆ ಈ ಕಡೆ ದಾಟೋಕೆ ಅಡ್ಡ ಬರುತ್ತೆ. ಅದಕ್ಕೆ ಬಿಚ್ಚಿ ಕಂಬಕ್ಕೆ ಕಟ್ಟಿಡುವಂಥ ತಂತಿ ಹಾಕಿಸ್ತಾರೆ. ದಡದ ಹತ್ತಿರದ ಓಡಾಟಕ್ಕೆ ಬಿಚ್ಚಿಡೋದು, ದೂರಕ್ಕೆ ಹೊರಟಾಗ ಬಿಗಿಯೋದು.

ಫರ್ಲಿಂಗ್ ಹಗ್ಗ ಎಲ್ಲಿ ಉಜ್ಜುತ್ತೆ ಅಂತ ಆಗಾಗ ನೋಡ್ತಾ, ಸವೆದಿದ್ದರೆ ಹೊರಡೋ ಮೊದಲೇ ಬದಲಿಸಬೇಕು. ಚಂಡಮಾರುತದ ಮುನ್ಸೂಚನೆ ಇದ್ದಾಗ ಬಂದರಿನಲ್ಲಿ ನಿಂತ ದೋಣಿಯ ಹಾಯಿಯನ್ನೂ ಸುತ್ತಿ ಬಿಟ್ಟರೆ ಸಾಲದು, ಪೂರ್ತಿ ಕಳಚಿ ಒಳಗಿಡಬೇಕು. ಆ ಗಾಳಿಗೆ ಅದು ಬಿಚ್ಚಿಕೊಂಡರೆ ಹಾಯಿ ಹರಿಯೋದಲ್ಲದೆ ದೋಣಿಯನ್ನೇ ಲಂಗರಿನಿಂದ ಕಿತ್ತುಕೊಂಡು ಹೋಗಬಹುದು.