ಜೀಪು ಎತ್ತರವಾಯ್ತು, ಅಜ್ಜಿ ಹತ್ತಲಿಲ್ಲ!

ನಮ್ಮ ಮನೆಯಿಂದ ಟಾರು ರಸ್ತೆಗೆ ನಾಲ್ಕು ಕಿಲೋಮೀಟರ್. ಅದನ್ನು ಮಣ್ಣಿನ ರಸ್ತೆ ಅನ್ನುವುದು ಬರೀ ಮರ್ಯಾದೆಗೆ. ಕಲ್ಲು, ಗುಂಡಿ, ಮಳೆನೀರು ಕೊರೆದ ಕಾಲುವೆ ಎಲ್ಲವೂ ಇವೆ. ಮೂಡಿಗೆರೆ ಕಡೆಯವರಿಗೆ ಇದೇನೂ ಹೊಸದಲ್ಲ. ಅಪ್ಪನ ಹಳೇ ಮಹೀಂದ್ರ ಜೀಪು ಇಲ್ಲದಿದ್ದರೆ ನಮ್ಮ ಹಾಲು ಡೇರಿ ತಲುಪುವುದಿಲ್ಲ, ಅಜ್ಜಿ ಆಸ್ಪತ್ರೆ ತಲುಪುವುದಿಲ್ಲ.

ನಾನಾಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆ. ಆಫ್‌ರೋಡ್ ವಿಡಿಯೊಗಳನ್ನು ನೋಡಿ ನೋಡಿ, ಗಾಡಿ ಎತ್ತರವಾದಷ್ಟೂ ಪ್ರಯಾಣ ಆರಾಮ ಎಂದು ನಂಬಿದ್ದೆ. ಇಂಟರ್ನ್‌ಶಿಪ್‌ನಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋಗಿ, ನಾಲ್ಕು ಇಂಚು ಎತ್ತರಿಸುವ ಸ್ಪ್ರಿಂಗ್ ಮತ್ತು ಇದ್ದುದರಲ್ಲೇ ಬಿಗಿಯಾದ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ‘ಹೆವಿ ಡ್ಯೂಟಿ ಸರ್’ ಅಂದರು. ಆ ಮಾತಿಗೇ ಉಬ್ಬಿಹೋದೆ.

ಊರಿಗೆ ಬಂದಾಗ ಗೆಳೆಯರೆಲ್ಲ ಜೀಪಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಮರುದಿನ ಅಜ್ಜಿಯನ್ನು ಚೆಕಪ್‌ಗೆ ಕರೆದುಕೊಂಡು ಹೊರಟೆ. ಜೀಪು ಹೋಗುತ್ತಿರುವಾಗಲೇ ವೀಳ್ಯದೆಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದವರು ಅಂದು ಎರಡೂ ಕೈಯಲ್ಲಿ ಸರಳು ಹಿಡಿದು ಕೂತಿದ್ದರು. ಒಂದೊಂದು ಕಲ್ಲಿಗೂ ಸೀಟಿನಿಂದ ಹಾರಿ ಬೀಳುತ್ತಿದ್ದರು. ಮುಂದಿನ ತಿಂಗಳು ಕರೆದರೆ, ‘ನಾ ಬರಲ್ಲ ಮಗಾ, ಕಾಯಿಲೆಗಿಂತ ನಿನ್ನ ಜೀಪೇ ಜೋರು’ ಅಂದರು. ಅದರ ಮರುತಿಂಗಳೂ ಹೋಗಲಿಲ್ಲ. ಬಿ.ಪಿ. ಮಾತ್ರೆ ಮುಗಿದಿದ್ದನ್ನೂ ಯಾರಿಗೂ ಹೇಳಿರಲಿಲ್ಲ. ಗೊತ್ತಾದ ದಿನ ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಜೀಪನ್ನು ಪೇಟೆಯ ಗ್ಯಾರೇಜಿನ ಕಾಕನ ಹತ್ತಿರ ಒಯ್ದೆ. ಅವರು ಬಾನೆಟ್ಟೂ ಎತ್ತಲಿಲ್ಲ, ಕೆಳಗೂ ಬಗ್ಗಲಿಲ್ಲ. ‘ದಿನಾ ಎಷ್ಟು ಜನ ಕೂರ್ತೀರಿ? ಏನು ಲೋಡು?’ ಎಂದು ಕೇಳಿದರು. ಮೂರು ಜನ, ಒಂದು ಕ್ಯಾನ್ ಹಾಲು. ಕಾಫಿ ಮೂಟೆ ವರ್ಷಕ್ಕೆ ನಾಲ್ಕೈದು ಸಲ. ‘ನೀ ಹಾಕ್ಸಿರೋದು ದಿನಾ ಮೂಟೆ ಹೊರೋ ಗಾಡಿ ಬ್ಲೇಡು ಮಾರಾಯ. ಖಾಲಿ ಗಾಡೀಲಿ ಅದು ಬಗ್ಗೋದೆಲ್ಲಿಂದ?’ ಅಂದರು.

ವಿಷಯ ಇಷ್ಟೇ. ಸ್ಪ್ರಿಂಗ್ ಗಾಡಿಯ ಭಾರ ಹೊರಬೇಕು, ಚಕ್ರ ಕಲ್ಲು ಹತ್ತಿದಾಗ ಬಗ್ಗಲೂಬೇಕು. ಬಗ್ಗದಿದ್ದರೆ ಆ ಏಟು ನೇರ ನಮ್ಮ ಬೆನ್ನಿಗೆ. ಲೀಫ್ ಸ್ಪ್ರಿಂಗಿನ ಬಿಗಿತ ಪ್ಲೇಟಿನ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿ.ಮೀ. ಪ್ಲೇಟುಗಳ ಜಾಗದಲ್ಲಿ ಅಷ್ಟೇ ಸಂಖ್ಯೆಯ 8 ಮಿ.ಮೀ. ಪ್ಲೇಟು ಹಾಕಿದರೆ ಬಿಗಿತ ಎರಡು ಪಟ್ಟನ್ನೂ ಮೀರುತ್ತದೆ. ಈ ಸೂತ್ರ ಬರೆದೇ ನಾನು ಪರೀಕ್ಷೆ ಪಾಸಾಗಿದ್ದೆ! ಅದು ನಮ್ಮ ಅಂಗಳದಲ್ಲೇ ನಿಂತಿರುವ ಜೀಪಿನ ಲೆಕ್ಕ ಅಂತ ಮಾತ್ರ ಹೊಳೆದಿರಲಿಲ್ಲ.

ಶಾಕ್ ಅಬ್ಸಾರ್ಬರ್‌ನ ಕೆಲಸ ಬೇರೆ. ಅದು ಭಾರ ಹೊರುವುದಿಲ್ಲ. ಬಗ್ಗಿದ ಸ್ಪ್ರಿಂಗ್ ಮೇಲೆ ಕೆಳಗೆ ಕುಣಿಯುತ್ತಲೇ ಇರದಂತೆ ತಡೆಯುತ್ತದೆ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ, ಆ ಕುಣಿತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಶಾಕ್ ತೀರಾ ಸಡಿಲವಾದರೆ ದೋಣಿಯಲ್ಲಿ ಕೂತ ಹಾಗೆ, ತೀರಾ ಬಿಗಿಯಾದರೆ ಎತ್ತಿನಗಾಡಿಯಲ್ಲಿ ಕೂತ ಹಾಗೆ. ಉದ್ದವೂ ಸರಿಯಿರಬೇಕು. ಕಾಕ ಟೇಪು ಹಿಡಿದು ಮೂರು ಅಳತೆ ತೆಗೆದರು: ಗಾಡಿ ಸುಮ್ಮನೆ ನಿಂತಾಗ, ಆಕ್ಸೆಲ್ ಪೂರ್ತಿ ಕೆಳಗೆ ಇಳಿಬಿದ್ದಾಗ, ಪೂರ್ತಿ ಮೇಲೆ ಒತ್ತಿದಾಗ. ಶಾಕ್ ಗಿಡ್ಡವಾದರೆ ಚಕ್ರ ಗುಂಡಿಗೆ ಇಳಿದಾಗ ಜಗ್ಗಿ ಕಿತ್ತುಬರುತ್ತದೆ. ಉದ್ದವಾದರೆ ರಬ್ಬರ್ ಸ್ಟಾಪರ್ ತಾಗುವ ಮೊದಲೇ ಶಾಕ್ ಒಳಗೇ ಬಡಿಯುತ್ತದೆ.

ಇನ್ನೊಂದು ಸತ್ಯವೂ ಅಲ್ಲೇ ಗೊತ್ತಾಯಿತು. ನಮ್ಮ ಜೀಪಿನಂಥ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಏಳುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸೆಲ್ ನಡುವಿನ ದಪ್ಪ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ರಸ್ತೆ ನಡುವಿನ ಕಲ್ಲು ಮೊದಲಿನ ಹಾಗೇ ತಾಗುತ್ತಿತ್ತು, ಜೊತೆಗೆ ತಿರುವಿನಲ್ಲಿ ಜೀಪು ಮೊದಲಿಗಿಂತ ಹೆಚ್ಚು ವಾಲುತ್ತಿತ್ತು.

ನಿಜಕ್ಕೂ ಆಗಿದ್ದೇನೆಂದರೆ, ಹಳೇ ಸ್ಪ್ರಿಂಗ್ ಕಮಾನು ಕಳೆದುಕೊಂಡು ಜೀಪು ಎರಡು ಇಂಚು ಕುಸಿದಿತ್ತು. ಕಾಕ ಕಂಪನಿ ಅಳತೆಯದೇ ದಪ್ಪದ, ಪೂರ್ತಿ ಕಮಾನಿರುವ ಹೊಸ ಸೆಟ್ ಹಾಕಿದರು. ಬುಷ್ ಬದಲಾಯಿಸಿ ಗ್ರೀಸ್ ಹೊಡೆದು, ಅಳತೆಗೆ ತಕ್ಕ ಶಾಕ್ ಕೂರಿಸಿದರು. ವಿಪರೀತ ತುಂಬಿಸಿದ್ದ ಟೈರಿನ ಗಾಳಿಯನ್ನೂ ಕಂಪನಿ ಹೇಳಿದ ಮಟ್ಟಕ್ಕೆ ಇಳಿಸಿದರು. ಇದಕ್ಕೆ ಖರ್ಚೇ ಇಲ್ಲ, ಆದರೆ ಅರ್ಧ ಆರಾಮ ಅದರಲ್ಲೇ ಬಂತು.

ಥಾರ್, ಜಿಮ್ನಿ ಕೊಂಡು ಲಿಫ್ಟ್ ಕಿಟ್ ಹುಡುಕುತ್ತಿರುವ ಗೆಳೆಯರಿಗೂ ನನ್ನದು ಇದೇ ಮಾತು. 2020ರ ನಂತರದ ಥಾರ್‌ನಲ್ಲಿ, ಜಿಮ್ನಿಯಲ್ಲಿ ಇರುವುದು ಕಾಯಿಲ್ ಸ್ಪ್ರಿಂಗ್. ಆದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಬದಲಾಗುವುದಿಲ್ಲ: ದಿನಾ ಎಷ್ಟು ಭಾರ? ವಿಂಚು, ಲೋಹದ ಬಂಪರ್ ಇಲ್ಲದ ಗಾಡಿಗೆ ಅವುಗಳ ಭಾರಕ್ಕೆಂದೇ ಮಾಡಿದ ಸ್ಪ್ರಿಂಗ್ ಬೇಡ. ಎತ್ತರಿಸಿದ ಮೇಲೆ ಬ್ರೇಕ್ ಹೋಸ್ ಎಳೆಯುತ್ತಿದೆಯಾ, ಸ್ಟೇರಿಂಗ್ ನೆಟ್ಟಗಿದೆಯಾ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಕಡಿವಾಣವಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ದುಡ್ಡು ಕೊಡುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ನಾಲ್ಕು ಇಂಚಿನ ಸೆಟ್ಟನ್ನು ಅರ್ಧ ಬೆಲೆಗೆ ಮಾರಿದೆ. ಹೋದ ದುಡ್ಡಿಗೆ ಬೇಜಾರಿಲ್ಲ. ಹೋದ ವಾರ ಅಜ್ಜಿ ಮತ್ತೆ ಚೆಕಪ್‌ಗೆ ಬಂದರು. ತೋಟದ ಗೇಟು ದಾಟಿ ಮೊದಲ ಇಳಿಜಾರಿನಲ್ಲಿ ಕನ್ನಡಿ ನೋಡಿದೆ. ಮಡಿಲಲ್ಲಿ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಿದ್ದರು.